ಪಂಜರದ ಕುಸ್ತಿಯೂ ನಮ್ಮ ಮಾವನವರೂ

ನಿನ್ನೆ ಮಧ್ಯಾಹ್ನ ಕಸದ ತೊಟ್ಟಿಯನ್ನು ಒಳಗೆ ತರಲು ಹೊರಟವಳು ಪಕ್ಕದ ಮನೆಯ ಮುಂದೆ ನಿಂತುಬಿಟ್ಟೆ. ಸುತ್ತಲೂ ಕಪ್ಪು ಬಲೆ ಕಟ್ಟಿದ, ಮಕ್ಕಳು ಕುಣಿಯುವ ಟ್ರ್ಯಾಂಪೊಲಿನ್ ರಸ್ತೆಯಂಚಿಗೆ ಬಂದಿತ್ತು. ಅಮೆರಿಕದ ನಮ್ಮ ಮಿಲ್ಪಿಟಾಸಿನಲ್ಲಿ ಬೇಡದ ಸಾಮಾನಿಗೆಲ್ಲ ಇದೇ ಗತಿ. ಸಂಜೆಯೊಳಗೆ ಯಾರಾದರೂ ಹೊತ್ತೊಯ್ಯುತ್ತಾರೆ. ನೀವು ನೋಡಿದ್ದರೆ ಮಕ್ಕಳ ಆಟಿಕೆ ಎಂದು ಮುಂದೆ ನಡೆಯುತ್ತಿದ್ದಿರಿ. ನನಗೆ ಮಾತ್ರ ಅದನ್ನು ಕಂಡೊಡನೆ ಹಳೆಯ ತಲೆನೋವು ಮರಳಿ ಬಂತು.

ಆ ತಲೆನೋವಿನ ಹೆಸರು ಪಂಜರದ ಕುಸ್ತಿ. ಧಾರವಾಡದಿಂದ ನಮ್ಮ ಮಾವನವರು ಬಂದಿದ್ದ ವರ್ಷ ಅದು. ಹರೆಯದಲ್ಲಿ ಗರಡಿಯ ಮಣ್ಣು ಮೆತ್ತಿಕೊಂಡವರು. ಪಕ್ಕದ ಮನೆಯಲ್ಲಿ ಮಗನ ಜೊತೆಗಿದ್ದ ಮೈಸೂರಿನ ಸಾಹೇಬರೂ ಅದೇ ಮಣ್ಣಿನ ಹುಚ್ಚಿನವರು. ಇಬ್ಬರೂ ನಮ್ಮ ಸೋಫಾದಲ್ಲಿ ಕೂತು ದಿನವೂ ನೋಡುತ್ತಿದ್ದುದು ಒಂದೇ ಒಂದು ಹಳೆಯ ಅಮೆರಿಕನ್ ಪಂದ್ಯ. ವರ್ಷಗಟ್ಟಲೆ ಹಗೆ ಸಾಧಿಸಿದ ಇಬ್ಬರು ದಾಂಡಿಗರು ಕಬ್ಬಿಣದ ಪಂಜರದ ಮಾಡು ಹತ್ತಿ ಹೊಡೆದಾಡುತ್ತಾರೆ. ಎತ್ತರದವನು ಗಿಡ್ಡನನ್ನು ಅಲ್ಲಿಂದ ಕೆಳಗಿನ ಮೇಜಿನ ಮೇಲೆ ಎಸೆಯುತ್ತಾನೆ. ಸತ್ತೇ ಹೋದ ಎನ್ನುವಷ್ಟರಲ್ಲಿ ಗಿಡ್ಡ ಎದ್ದು, ಕುಂಟುತ್ತಾ, ಮತ್ತೆ ಪಂಜರ ಹತ್ತುತ್ತಾನೆ! ಇಂಥ ಅಪಾಯದ ಪಂದ್ಯ ಮತ್ತೊಂದಿಲ್ಲವಂತೆ. ಗೆಲ್ಲುವುದು ಯಾರೆಂದು ಮೊದಲೇ ಮಾತಾಗಿರುತ್ತದೆ ಎಂದು ನಾನು ಹೇಳಿ ನೋಡಿದೆ.

"ಗೆಲ್ಲೂದು ಮಾತಾಗಿರ್ತದ. ಎಲುಬು ಮುರಿಯೂದೂ ಮಾತಾಗಿರ್ತದೇನವಾ?" ಎಂದು ಮಾವನವರು ನನ್ನ ಬಾಯಿ ಮುಚ್ಚಿಸಿದರು.

ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗಿನಲ್ಲಿರುತ್ತಿದ್ದೆ. ನಾನು ಮೈಕ್ ಆನ್ ಮಾಡಿದ ಗಳಿಗೆಗೇ ಆ ಗಿಡ್ಡ ಬೀಳಬೇಕೆ? "ಒಗದಾ! ಒಗದಾ ನೋಡ್ರಿ!" ಎಂದು, ಎಸೆದೇಬಿಟ್ಟನೆಂದು, ಮಾವನವರ ಕೂಗು. ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ಕೇಳುವುದನ್ನೂ ನನ್ನ ಮ್ಯಾನೇಜರು ಬಿಟ್ಟುಬಿಟ್ಟಿದ್ದ. ಟೀವಿಯನ್ನು ಮಹಡಿಗೆ ಸಾಗಿಸೋಣವೆಂದರೆ ಇಬ್ಬರ ಮಂಡಿಗಳೂ ಮೆಟ್ಟಿಲಿಗೆ ಒಪ್ಪವು. ಹೆಡ್‌ಫೋನ್ ಕೊಟ್ಟೆ. ಅದನ್ನು ಹಾಕಿಕೊಂಡು ಇನ್ನೂ ಜೋರಾಗಿ ಕೂಗಿದರು.

ಜಗಳ ಹುಟ್ಟಿದ್ದು ತಪ್ಪು ಯಾರದೆಂಬುದಕ್ಕೆ.

"ಮಾಡಿನ ಮ್ಯಾಲಿಂದ ಮನಿಷ್ಯಾನ್ನ ಒಗಿಯೂದು ಕುಸ್ತಿ ಏನ್ರೀ ಸಾಹೇಬ್ರ? ತಪ್ಪು ಒಗದಾಂವಂದು," ಎಂದರು ಮಾವನವರು.

"ಮೇಲೆ ಹತ್ತು ಅಂತ ಯಾರ್ ಹೇಳಿದ್ರು ಅವನಿಗೆ? ಹತ್ತಿದವನದ್ದೇ ತಪ್ಪು ಪಾಟೀಲರೇ," ಎಂದರು ಸಾಹೇಬರು.

ಮಾತಿಗೆ ಮಾತು ಬೆಳೆದು, ಧಾರವಾಡದವರಿಗೆ ಪಟ್ಟು ಗೊತ್ತಿಲ್ಲ, ಮೈಸೂರಿನವರು ಬರೀ ದಸರೆ ಪೈಲ್ವಾನರು ಎನ್ನುವಲ್ಲಿಗೆ ಹೋಯಿತು. ಸಾಹೇಬರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಮನೆ ಶಾಂತವಾಯಿತು. ಖುಷಿಪಟ್ಟೆ, ಸುಳ್ಳೇಕೆ ಹೇಳಲಿ. ಆದರೆ ಮಾವನವರು ಆಮೇಲೆ ಟೀವಿ ಹಾಕಲೇ ಇಲ್ಲ. ಕಿಟಕಿಯ ಬಳಿ ಕೂತು ಪಕ್ಕದ ಮನೆಯ ಗ್ಯಾರೇಜಿನ ಬಾಗಿಲನ್ನೇ ನೋಡುತ್ತಿದ್ದರು. ಮೊಮ್ಮಗಳೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಈ ಊರಿನಲ್ಲಿ ಅವರ ಮಾತಿಗೆ ಇದ್ದ ಕಿವಿ ಸಾಹೇಬರದೊಂದೇ. ಊಟ ಅರ್ಧಕ್ಕೆ ಬಿಟ್ಟು, "ಟಿಕೇಟು ಮಾಡ್ಸಿಬಿಡವಾ, ಊರಿಗೆ ಹೊಂಟ್ಬಿಡ್ತೀನಿ" ಎಂದಾಗ ನನಗೆ ಸಂಕಟವೂ ಸಿಟ್ಟೂ ಒಟ್ಟಿಗೇ ಬಂದವು. ಎಲ್ಲಿಯದೋ ಪಂಜರ, ಯಾರೋ ದಾಂಡಿಗರು, ಹಾಳಾಗುತ್ತಿರುವುದು ನಮ್ಮ ಮನೆ!

ಮಾವನವರನ್ನು ಸಾಹೇಬರ ಹಿತ್ತಿಲಿಗೆ ಎಳೆದುಕೊಂಡು ಹೋದೆ. "ಸಾಕು ಮಾಡಿ ಇಬ್ಬರೂ," ಎಂದು ಅವರ ಕೈಯನ್ನು ಇವರ ಕೈಯಲ್ಲಿಟ್ಟು ಒತ್ತಿ ಹಿಡಿದೆ. ರಾಜಿ ಮಾಡಿಸುವ ರೀತಿ ಅದೇ ಎಂದು ನನ್ನ ತಿಳುವಳಿಕೆ.

ಇಬ್ಬರ ಮುಖವೂ ಅರಳಿತು. ಮಾವನವರು ಕಚ್ಚೆ ಬಿಗಿದರು. ಸಾಹೇಬರು ಕನ್ನಡಕ ತೆಗೆದು ನನ್ನ ಕೈಗಿತ್ತರು.

"ಇದೇನ್ ಮಾಡ್ತಿದೀರಾ?"

"ನೀನೇ ಜೋಡಿ ಕಟ್ಟಿದೆಯಲ್ಲಮ್ಮ!" ಎಂದರು ಸಾಹೇಬರು.

ಕುಸ್ತಿಗೆ ಮುಂಚೆ ಸರಿಸಮಾನರಾದ ಇಬ್ಬರನ್ನು ನಿಲ್ಲಿಸಿ, ಅವರ ಕೈ ಸೇರಿಸಿದರೆ ಪಂದ್ಯ ನಿಗದಿಯಾಯಿತು ಎಂದರ್ಥವಂತೆ. ಅದೇ ಜೋಡಿ ಕಟ್ಟುವುದಂತೆ. ನನಗೇನು ಗೊತ್ತು? ಸೇರಿದ ಕೈಯನ್ನು ಹಿಂದೆಗೆದರೆ ಮಾನ ಹೋಗುತ್ತದೆ. ನಾನು ಬಡಕೊಳ್ಳುತ್ತಿರುವಂತೆಯೇ, ನಮ್ಮ ಮಹಡಿ ಮೆಟ್ಟಿಲು ಹತ್ತಲಾರದ ಮಂಡಿಗಳು ಆ ಹಿತ್ತಿಲಿನಲ್ಲಿದ್ದ ಇದೇ ಟ್ರ್ಯಾಂಪೊಲಿನ್ನಿನ ಏಣಿ ಹತ್ತಿ, ಬಲೆ ಸರಿಸಿ ಒಳಹೊಕ್ಕವು.

ಒಬ್ಬರ ಕುತ್ತಿಗೆಗೆ ಒಬ್ಬರು ಕೈ ಹಾಕಿದ್ದೇ ತಡ, ಕಾಲಡಿ ಕುಣಿದು ಇಬ್ಬರೂ ಅಂಗಾತ ಬಿದ್ದರು. ಮಿಸುಕಾಟವಿಲ್ಲ. ಬಲೆಗೆ ಮುಖ ಒತ್ತಿ ನೋಡಿದೆ. ಆಮೇಲೆ ಒಳಗಿನಿಂದ ನಗು ಕೇಳಿಸಿತು.

"ಚಿತ್ ಆದ್ರಿ ಸಾಹೇಬ್ರ!"

"ನೀವೇ ಮೊದ್ಲು ಪಾಟೀಲರೇ!"

ಏಳಲಾರದವರನ್ನು ಹೊರಗೆಳೆಯಲು ಕೊನೆಗೆ ನಾನೂ ಒಳಗೆ ಹೋಗಬೇಕಾಯಿತು. ಟಿಕೇಟಿನ ಮಾತು ಅಲ್ಲಿಗೇ ನಿಂತಿತು. ಮರುದಿನ ಮೀಟಿಂಗಿನಲ್ಲಿ ಬಾಯಿ ತೆರೆದೆನೋ ಇಲ್ಲವೋ, "ಒಗದಾ!"

ಮಾವನವರು ಧಾರವಾಡಕ್ಕೆ ಮರಳಿದ ಮೇಲೆ ಬಹಳ ಕಾಲ ಬದುಕಲಿಲ್ಲ. ಸಾಹೇಬರೂ ನಮ್ಮ ಮನೆಗೆ ಬರುವುದನ್ನು ಬಿಟ್ಟರು. ಈಗ ನನ್ನ ಮೀಟಿಂಗುಗಳಿಗೆ ಯಾವ ಅಡ್ಡಿಯೂ ಇಲ್ಲ, ಮತ್ತು ಅವು ನನಗೆ ಸಹಿಸಲಾಗದಷ್ಟು ಉದ್ದವಾಗಿವೆ.

ನಿನ್ನೆ ಸಾಹೇಬರು ಟ್ರ್ಯಾಂಪೊಲಿನ್ನಿನ ಪಕ್ಕ ನಿಂತು ಬಲೆ ಸವರುತ್ತಿದ್ದರು. ನನ್ನನ್ನು ಕಂಡು, "ನೀನು ಏನೇ ಹೇಳಮ್ಮ, ಹತ್ತಿದವನದ್ದೇ ತಪ್ಪು," ಎಂದರು.

ಮೈ ಉರಿದುಹೋಯಿತು. "ತಪ್ಪು ಎಸೆದವನದು ಸಾಹೇಬರೇ!" ಎಂದೆ. ನನ್ನ ದನಿ ಬೀದಿಯ ತುದಿಗೂ ಕೇಳಿಸಿರಬೇಕು.

ಅವರು ಕನ್ನಡಕ ತೆಗೆದು ಜೇಬಿಗಿಟ್ಟು ಕೈ ಚಾಚಿದರು. ಅದು ರಾಜಿಯ ಕೈ ಅಲ್ಲವೆಂದು ನನಗೀಗ ಗೊತ್ತು. ಮೀಟಿಂಗಿಗೆ ತಡವಾಗುತ್ತಿತ್ತು. ಆ ಕೈಯನ್ನು ಗಟ್ಟಿಯಾಗಿ ಹಿಡಿದೆ.