ಇಲ್ಲಿ ಇರಿ

ಸರೋಜಿನಿಯ ಶಾಲೆ ಉಡುಪಿಯಲ್ಲಿ ಐದನೆಯ ಕ್ಲಾಸಿಗೇ ಮುಗಿದಿತ್ತು. ಆದರೆ ಕಿವಿ ಚುರುಕು. ದನಿ ಕೇಳಿದರೆ ಸಾಕು, ಆಡುವವರ ಹೊಟ್ಟೆಯೊಳಗೆ ಏನಿದೆಯೆಂದು ಗೊತ್ತಾಗುತ್ತದೆ ಎಂಬ ಹೆಮ್ಮೆ ಅವಳಿಗೆ. ಆ ಹೆಮ್ಮೆಯೇ ಅವಳನ್ನು ಕೆಡಿಸಿತು.

ಗಂಡ ತೀರಿಕೊಂಡ ಮೇಲೆ ಅವಳು ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿದ್ದ ಮಗ ಸುಮಂತನ ಮನೆಗೆ ಬಂದಳು. ಅವನಿಗೆ ಕ್ಲಾಂಗ್ ಬಂದರಿನಲ್ಲಿ ಹಡಗು ಕಂಪನಿಯ ಕೆಲಸ. ಅಲ್ಲಿ ಪರಿಚಯವಾದ ಜರ್ಮನಿಯ ಹುಡುಗಿ ಉಲ್ರಿಕೆಯನ್ನು ಮದುವೆಯಾಗಿದ್ದ. ಸೊಸೆ ಅತ್ತೆಗೆಂದೇ ಕನ್ನಡ ಕಲಿತಳು. ಕಲಿತದ್ದೇನೋ ನಿಜ, ಮಾತು ಮಾತ್ರ ಬಿರುಸು. ‘ಅತ್ತೆ’ ಎನ್ನುವ ಮೊದಲು ಗಂಟಲಿನಲ್ಲಿ ಒಂದು ತಡೆ, ಆಮೇಲೆ ಸೋಡಾದ ಗೋಲಿ ಒತ್ತಿದ ಹಾಗೆ ಅದು ಸಿಡಿದು ಬರುತ್ತಿತ್ತು. ‘ಊಟ’ವೂ ಹಾಗೆ, ‘ಎಣ್ಣೆ’ಯೂ ಹಾಗೆ. ಬೇಕೇ ಬೇಕೆಂದು ಹೇಳುವಾಗ ಇನ್ನೂ ಜೋರು.

ಅಲ್ಲೇ ಹತ್ತಿರದ ಊರಾದ ನಿಲಾಯಿಯಲ್ಲಿ ಲೆಕ್ಚರರ್ ಆಗಿದ್ದ ಮಗಳು ಜಯಮಾಲಾ ಒಮ್ಮೆ ಅಮ್ಮನನ್ನು ತನ್ನಲ್ಲಿಗೆ ಕರೆದಳು. ಹೋಗಲೋ ಬೇಡವೋ ಎಂದು ಸರೋಜಿನಿ ಸೊಸೆಯನ್ನು ಕೇಳಿದಳು. ಉಲ್ರಿಕೆ ಸೌಟು ಕೆಳಗಿಟ್ಟು ನೆಟ್ಟಗೆ ನೋಡಿದಳು.

“ಅತ್ತೆ. ಇಲ್ಲಿ. ಇರಿ.”

ಒಂದೊಂದು ಮಾತಿನ ತಲೆಗೂ ಒಂದೊಂದು ಪೆಟ್ಟು. ಆಸೆಯಿದ್ದವರು ಹೀಗೆ ಹೇಳುತ್ತಾರೆಯೇ? ‘ಇಲ್ಲೇ ಇರೀ’ ಎಂದು ಎಳೆಯುವುದಿಲ್ಲವೇ? ದೇವಸ್ಥಾನದಲ್ಲಿ ಗೆಳತಿ ರತ್ನಮ್ಮನ ಹತ್ತಿರ ಹೇಳಿಕೊಂಡಾಗ ಅವಳು ನಕ್ಕು, “ಇಲ್ಲಿ ಇರಿ ಅಂದ್ಲಾ, ಚೂರಿ ತಗೊಂಡು ಇರಿ ಅಂದ್ಲಾ, ಸರಿಯಾಗಿ ಕೇಳಿಸ್ಕೊಂಡ್ರಾ ಸರೋಜಿನಮ್ಮ?” ಎಂದಳು. ತಮಾಷೆಗೆ ಅಂದದ್ದು, ಎದೆಯಲ್ಲಿ ನೆಟ್ಟಿತು. ಆ ವಾರವೇ ಸರೋಜಿನಿ ನಿಲಾಯಿಗೆ ಹೊರಟಳು. ಉಲ್ರಿಕೆ ಕಾರಿನ ತನಕ ಬಂದು ಅತ್ತೆಯ ಚೀಲ ಒಳಗಿಟ್ಟಳು.

ಕೆಲವು ವರ್ಷ ಕಳೆದು ಸರೋಜಿನಿ ದೀಪಾವಳಿಗೆ ಮಗನ ಮನೆಗೆ ಬಂದಾಗ ಉಲ್ರಿಕೆ ಫೋನಿನಲ್ಲಿ ತನ್ನ ತಾಯಿಯೊಡನೆ ಜರ್ಮನ್ ಭಾಷೆಯಲ್ಲಿ ಮಾತಾಡುತ್ತಿದ್ದಳು. ಪರದೆಯ ಮೇಲೆ ಕಾಯಿಲೆ ಬಿದ್ದ ಮುದುಕಿ. ಅದೇ ತಡೆ, ಅದೇ ಪೆಟ್ಟು. ಕೆಲವು ಅಕ್ಷರಗಳನ್ನಂತೂ ತುಟಿಯಲ್ಲೇ ಹಿಡಿದು ನಿಲ್ಲಿಸಿ ಬಿಡುತ್ತಿದ್ದಳು. ಇಬ್ಬರ ಕಣ್ಣಲ್ಲೂ ನೀರು.

“ಎಂತ ಮಗಾ, ಕಾಯಿಲೆಯವರ ಹತ್ರವೂ ಜಗಳವಾ?” ಎಂದು ಸರೋಜಿನಿ ಸುಮಂತನನ್ನು ಕೇಳಿದಳು.

“ಜಗಳ ಅಲ್ಲ ಅಮ್ಮ. ಔಷಧ ಬಿಡ್ಬೇಡ, ನೀನು ನಂಗೆ ಬೇಕು ಅಂತ ಹೇಳುದು. ಮನಸ್ಸಿಟ್ಟು ಹೇಳುವಾಗ ನಾವು ಮಾತಿನ ಬಾಲ ಎಳಿತೇವೆ, ಅವರು ತಲೆಗೆ ಒತ್ತು ಕೊಡ್ತಾರೆ. ಅಷ್ಟೇ.”

ಸರೋಜಿನಿ ಬಾಯೊಳಗೇ ‘ಇಲ್ಲಿ. ಇರಿ.’ ಎಂದು ಹೇಳಿ ನೋಡಿಕೊಂಡಳು.

ಹೊರಡುವ ದಿನ ಅವಳೇ ಅಡಿಗೆಮನೆಗೆ ಹೋಗಿ, ಇನ್ನು ಇಲ್ಲೇ ಇದ್ದುಬಿಡಲೇ ಎಂದು ಸೊಸೆಯನ್ನು ಕೇಳಿದಳು. ಕೇಳಿ, ಆ ಪೆಟ್ಟಿಗಾಗಿ ಕಿವಿಯೊಡ್ಡಿ ನಿಂತಳು. ತನ್ನ ದನಿ ಅತ್ತೆಗೆ ಬಿರುಸಾಯಿತೆಂದು ಯಾರಿಂದಲೋ ಕೇಳಿದ್ದ ಉಲ್ರಿಕೆ ಅಷ್ಟು ವರ್ಷಗಳಲ್ಲಿ ಕನ್ನಡವನ್ನು ತಿದ್ದಿಕೊಂಡಿದ್ದಳು. ನಯವಾಗಿ ನಕ್ಕಳು.

“ನಿಮ್ಮಿಷ್ಟ ಅತ್ತೇ.”

‘ನಿಮ್ಮ’ಕ್ಕೆ ‘ಇಷ್ಟ’ ಬೆಸೆದುಕೊಂಡಿತ್ತು. ‘ಅತ್ತೇ’ ನಮ್ಮವರ ಬಾಯಲ್ಲಿ ಬರುವ ಹಾಗೆಯೇ ಉದ್ದಕ್ಕೆ ಬಂತು. ಗಂಟಲಿನಲ್ಲಿ ಎಲ್ಲಿಯೂ ತಡೆ ಇರಲಿಲ್ಲ.

ಸರೋಜಿನಿ ಚೀಲ ಎತ್ತಿಕೊಂಡಳು.