ಚೆಕಿಂಗ್ ಅಕ್ಕ ಶೂ ಅಂಗಡಿಗೆ ಹೋದದ್ದು

ಶೂ ಫ್ಯಾಕ್ಟರಿಯಲ್ಲಿ ಎಲ್ಲರೂ ಅವಳನ್ನು ಚೆಕಿಂಗ್ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಒಂದೇ ಮೇಜಿನ ಮುಂದೆ ನಿಂತು, ಎದುರಿಗೆ ಬಂದ ಪ್ರತಿ ಶೂವನ್ನೂ ಬಗ್ಗಿಸಿ, ಅಟ್ಟೆಯ ಅಂಚಿಗೆ ಹೆಬ್ಬೆರಳಿನ ಉಗುರು ತೂರಿಸಿ, ಅಂಟು ಬಿಟ್ಟಿದ್ದರೆ ಹಿಮ್ಮಡಿಯ ಮೇಲೆ ಕೆಂಪು ಚಾಕ್‌ಪೀಸಿನಿಂದ ಅಡ್ಡಗೀಟು ಎಳೆಯುವುದು ಅವಳ ಕೆಲಸ. ಅದರಲ್ಲಿ ಅವಳದು ಎತ್ತಿದ ಕೈ. ತೊಂದರೆ ಏನೆಂದರೆ, ಸಂಜೆ ಕೈ ತೊಳೆದ ಮೇಲೂ ಆ ಕಣ್ಣು ಅವಳ ಜೊತೆ ಮನೆಗೆ ಬರುತ್ತಿತ್ತು. ನೆಂಟರ ಹೊಸ ಬಾಗಿಲಲ್ಲಿ ಸಂದು ಕಾಣುತ್ತಿತ್ತು, ಗಂಡ ತಂದ ಕೊಡೆಯಲ್ಲಿ ಸೊಟ್ಟ ಕಡ್ಡಿ ಕಾಣುತ್ತಿತ್ತು. ಮಗಳು ಮೆಚ್ಚಿ ಕರೆತಂದ ಹುಡುಗನಲ್ಲಂತೂ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಏಳು ಕುಂದು ಹುಡುಕಿ, ಅವನೆದುರೇ ಹೇಳಿದಳು. ಹುಡುಗ ಮತ್ತೆ ಆ ಕಡೆ ತಲೆಹಾಕಲಿಲ್ಲ. ಮಗಳು ಊರ ಇನ್ನೊಂದು ತುದಿಯಲ್ಲಿ ಕೋಣೆ ಹಿಡಿದು ಹೋದಳು. ಆಮೇಲೆ ಎರಡು ವರ್ಷ ಫೋನಿನಲ್ಲಿ "ಹೂಂ", "ಸರಿ", ಅಷ್ಟೇ.

ಅಂಥ ಮಗಳು ಒಂದು ಶನಿವಾರ ತಾನಾಗಿ ಫೋನ್ ಮಾಡಿದಳು. "ಅಮ್ಮ, ಹಳೇ ಕಾಲದ ಥರದ್ದು ಬರತ್ತಲ್ಲ, ಕಾಲಿನ ಗಂಟು ಮುಚ್ಚೋ ಕ್ಯಾನ್ವಾಸ್ ಶೂ, ಅದು ತಗೊಳ್ಳೋಣ ಅಂತಿದೀನಿ. ಅಷ್ಟು ದುಡ್ಡು ಕೊಡಬಹುದಾ ಬೇಡವಾ ಗೊತ್ತಾಗ್ತಿಲ್ಲ. ನೀನೂ ಬರ್ತೀಯಾ?"

ಬರ್ತೀಯಾ ಅಂತ ಕೇಳಬೇಕೇ! ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಕೊನೆಗೂ ಮಗಳಿಗೆ ನಾನು ಬೇಕಾದೆ, ಈ ಸಲ ಹೇಗಾದರೂ ಅವಳನ್ನು ಉಳಿಸಿಕೊಳ್ಳಬೇಕು ಎಂದುಕೊಂಡು, ಅರ್ಧ ಗಂಟೆ ಮುಂಚೆಯೇ ಅಂಗಡಿ ಮುಂದೆ ಹೋಗಿ ನಿಂತಳು.

ಮಗಳು ಕಪ್ಪು ಜೋಡಿ ಹಾಕಿ, ಲೇಸು ಬಿಗಿದು, ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದಳು. "ಹೇಗಿದೆ ಅಮ್ಮ?"

ತಾಯಿ ಆಗಲೇ ನೆಲಕ್ಕೆ ಮಂಡಿಯೂರಿದ್ದಳು. "ಕಾಲೆತ್ತು. ನೋಡು, ಮಡಚೋ ಜಾಗದಲ್ಲೇ ಅಂಟು ಸಾಲದು. ಆರು ತಿಂಗಳಿಗೆ ಬಾಯಿ ಬಿಡತ್ತೆ. ಒಳಗೆ ಮೆತ್ತೆ ಅನ್ನೋದೇ ಇಲ್ಲ. ಬರೀ ಹೆಸರಿಗೆ ದುಡ್ಡು ಸುರಿಯೋದು."

ಅಂಗಡಿಯವನು ಬಿಳಿಯದು ತಂದ, ಕೆಂಪು ತಂದ, ನೀಲಿ ತಂದ, ಹಳದಿ ತಂದ. ಮಗಳು ಒಂದೊಂದನ್ನೂ ಹಾಕಿ ತಿರುಗಿದಳು. ತಾಯಿ ಬಗ್ಗಿದ ತಲೆ ಎತ್ತದೆ ಮೊಸರಲ್ಲಿ ಕಲ್ಲು ಹುಡುಕುತ್ತಲೇ ಇದ್ದಳು. ಐದನೆಯ ಜೋಡಿಯ ಹೊತ್ತಿಗೆ ಪೂರಾ ಮೈಮರೆತು, ಚೀಲದಲ್ಲಿದ್ದ ಚಾಕ್‌ಪೀಸ್ ತೆಗೆದು, ಮಾರಾಟಕ್ಕಿಟ್ಟ ಶೂವಿನ ಹಿಮ್ಮಡಿಗೆ ಅಡ್ಡಗೀಟು ಎಳೆದೇ ಬಿಟ್ಟಳು.

"ಏನಮ್ಮಾ, ತಲೆಗಿಲೆ ಕೆಟ್ಟಿದೆಯಾ? ಇದನ್ನಿನ್ನು ಯಾರು ತಗೋತಾರೆ?" ಅಂಗಡಿಯವನು ಕೂಗಾಡಿದ. ಅವಳು ಕೈಯಿಂದ ಉಜ್ಜಿದಳು. ಚಾಕಿನ ಕೆಂಪು ಶೂವಿನ ಬಟ್ಟೆಗೆಲ್ಲ ಹರಡಿತು. ಮಗಳು ದುಡ್ಡು ಕೊಟ್ಟು, ಆ ಶೂಗಳನ್ನು ಡಬ್ಬಿಗೆ ತುಂಬಿ, ತನ್ನ ಹಳೆ ಚಪ್ಪಲಿ ಮೆಟ್ಟಿಕೊಂಡು ಹೊರಬಂದಳು.

"ನಿನ್ನ ದುಡ್ಡು ಹಾಳಾಗಬಾರದು ಅಂತ ಹೇಳಿದ್ದು ಕಣೇ," ತಾಯಿ ಹಿಂದೆಯೇ ಓಡಿದಳು. "ನೀನೇ ಕೇಳಿದೆಯಲ್ಲ?"

"ಶೂ ಹೇಗಿದೆ ಅಂತ ಯಾರನ್ನ ಬೇಕಾದ್ರೂ ಕೇಳಬಹುದಿತ್ತಮ್ಮ," ಮಗಳು ಡಬ್ಬಿಯನ್ನು ಅವಳ ಕೈಗೆ ತುರುಕಿದಳು. "ನಾನು ಹೇಗೆ ಕಾಣ್ತೀನಿ ಅಂತ ಕೇಳಿದ್ದು."

ಅಷ್ಟರಲ್ಲಿ ಬಸ್ಸು ಬಂತು. ಮಗಳು ಹತ್ತಿದಳು, ಹಿಂತಿರುಗಿ ನೋಡಲಿಲ್ಲ. ಚೆಕಿಂಗ್ ಅಕ್ಕ ಅಲ್ಲೇ ನಿಂತು, ಕನ್ನಡಿಯ ಮುಂದೆ ತಿರುಗುವಾಗ ಮಗಳು ಹೇಗೆ ಕಾಣುತ್ತಿದ್ದಳೆಂದು ನೆನಪಿಸಿಕೊಳ್ಳಲು ಹೆಣಗಿದಳು. ಐದು ಜೋಡಿ ಅಟ್ಟೆಗಳು ಒಂದೊಂದೂ ಕಣ್ಣಿಗೆ ಕಟ್ಟಿದವು. ಮಗಳು ಆಗ ನಗುತ್ತಿದ್ದಳೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.