ಹಡಗಿಳಿಯದ ಗಂಡ

ಎಂಬತ್ತರ ದಶಕದ ಆರಂಭದಲ್ಲಿ ನಾನು ಕೋಲಾರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಊರು ಶ್ರೀನಿವಾಸಪುರ. ವಯಸ್ಸು ಮೂವತ್ತು ದಾಟಿತ್ತು. ಮದುವೆಯಾಗಿರಲಿಲ್ಲ, ಆಗುವ ಅವಸರವೂ ಇರಲಿಲ್ಲ. ಸರ್ಕಾರದ ಖರ್ಚಿನಲ್ಲಿ ಊರು ಸುತ್ತುವ ರಜೆ ಸಿಕ್ಕಿದಾಗ ಜೊತೆಯವರೆಲ್ಲ ಕಾಶಿಗೆ ಹೋಗು, ತಾಜ್ ಮಹಲ್ ನೋಡು ಎಂದರು. ನಾನು ಅಂಡಮಾನ್ ಎಂದೆ.

"ಅಲ್ಲಿಗೆ ಕೈದಿಗಳನ್ನ ಕಳಿಸ್ತಿದ್ರು ಕಣೇ. ನೀನೇನ್ ಮಾಡಿದೀಯ?" ಎಂದಳು ಅಮ್ಮ.

ಮದ್ರಾಸಿನಿಂದ ಹೊರಟ ಹಡಗಿನಲ್ಲಿ ನನ್ನ ಪಕ್ಕದ ಮಲಗುವ ಬಂಕಿಗೆ ಮುಳಬಾಗಿಲಿನ ಕಡೆಯ ಒಬ್ಬ ಅಜ್ಜಿ ಬಂದಳು. ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಕನ್ನಡ, ತೆಲುಗು ಎರಡೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಅಳಿಯ ಅಂಡಮಾನಿನಲ್ಲಿ ಮರ ಕೊಯ್ಯುವ ಸಾಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮಗಳ ಬಾಣಂತನಕ್ಕೆಂದು ಅಜ್ಜಿ ಒಂದು ಚೀಲ ರಾಗಿ ಹಿಟ್ಟು ಹೊತ್ತು ಹೊರಟಿದ್ದಳು. ಇಡೀ ಹಡಗು ವಾಂತಿ ಮಾಡುತ್ತಿದ್ದಾಗ ಆಕೆ ಕಾಲು ಚಾಚಿ ಕೂತು, ಉಪ್ಪು ಹಾಕಿ ಒಣಗಿಸಿದ ಮಾವಿನಕಾಯಿ ಹೋಳು ಚೀಪುತ್ತ ನನ್ನ ಬಾಯಿಗೂ ಒಂದೊಂದು ತುರುಕುತ್ತಿದ್ದಳು. ಪೋರ್ಟ್ ಬ್ಲೇರ್ ಬರುವಷ್ಟರಲ್ಲಿ ನಾನು ಒಲ್ಲೆನೆಂದ ಗಂಡುಗಳ ಕಥೆಯೆಲ್ಲ ಆಕೆಗೆ ತಿಳಿದಿತ್ತು.

ಅದೇ ಹಡಗು ಮದ್ರಾಸಿಗೆ ಹೋಗಿ ಮತ್ತೆ ಬರುವ ತನಕ ನಾನು ದ್ವೀಪದಲ್ಲಿರಬೇಕಿತ್ತು. ಲಾಡ್ಜಿನ ಒಡತಿ ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡ, ತೆಲುಗು ಮಾತಾಡುವ ದಪ್ಪನೆಯ ಹೆಂಗಸು. "ಒಬ್ಬಳೇನಾ? ಯಜಮಾನರು?" ಎಂದಳು. ಬಂದರಿನಿಂದ ಅಲ್ಲಿಗೆ ಬರುವಷ್ಟರಲ್ಲೇ ಆ ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು.

"ಮುಂದಿನ ಹಡಗಿಗೆ ಬರ್ತಾರೆ," ಎಂದೆ.

ಆಕೆ ಹಾಸಿಗೆಯ ಮೇಲೆ ಇನ್ನೊಂದು ದಿಂಬು ಇಟ್ಟು ಹೋದಳು.

ಮಾರನೆಯ ದಿನ ಹಳೆಯ ಜೈಲು ನೋಡಲು ಹೋದಾಗ ನೆಲ್ಲೂರಿನ ನಿವೃತ್ತ ಹೆಡ್ಮಾಸ್ತರರೂ ಅವರ ಹೆಂಡತಿಯೂ ಗಂಟುಬಿದ್ದರು. ಮಗನ ಮನೆಗೆ ಬಂದಿದ್ದವರು. ಹೆಂಡತಿ ಕೇಳಿದ್ದೂ ಅದೇ ಪ್ರಶ್ನೆ. ಒಂದೇ ಉತ್ತರವನ್ನು ಎರಡು ಸಲ ಕೊಡಲು ನನಗೆ ಬೇಜಾರಾಯಿತು. "ಸಮುದ್ರ ಒಗ್ಗಲಿಲ್ಲ. ವಾಂತಿ. ಮಲಗಿದ್ದಾರೆ," ಎಂದೆ.

"ಅಯ್ಯೋ ಪಾಪಂ," ಎಂದು ಆಯಮ್ಮ ಎದೆ ಮುಟ್ಟಿಕೊಂಡರು. ಆಮೇಲೆ ಎಲ್ಲಿ ಸಿಕ್ಕರೂ ಅವನಿಗೆಂದು ಬೆಲ್ಲ ಹಾಕಿ ಕುಟ್ಟಿದ ಒಣಶುಂಠಿಯ ಪೊಟ್ಟಣ ಕೊಡುತ್ತಿದ್ದರು. ರುಚಿಯಾಗಿಯೇ ಇತ್ತು. ರೂಮಿಗೆ ಬಂದು ಕಿಟಕಿಯ ಬಳಿ ಕೂತು ತಿನ್ನುತ್ತಿದ್ದೆ.

ನಾನು ಹೊರಡುವ ಹಿಂದಿನ ದಿನ, ಬ್ರಿಟಿಷರು ಬಿಟ್ಟುಹೋದ ಪಾಳು ಬಂಗಲೆಗಳಿದ್ದ ಪುಟ್ಟ ದ್ವೀಪವೊಂದನ್ನು ನೋಡುವುದು ಬಾಕಿಯಿತ್ತು. ಅಜ್ಜಿಯ ಮಗಳ ಮನೆಗೆ ಹೋಗಿ ಆಕೆಯನ್ನೂ ಕರೆದೆ. "ಬಾಣಂತಿ ಖಾರ ಅರೆದೂ ಅರೆದೂ ಕೈ ಬಿದ್ದೋಗ್ಯದೆ, ನಡಿ ಬತ್ತೀನಿ," ಎಂದು ಹೊರಟಳು. ದೋಣಿ ಹತ್ತಿದರೆ ಅಲ್ಲಿ ಹೆಡ್ಮಾಸ್ತರ ದಂಪತಿ. ನಗುತ್ತ ಜಾಗ ಮಾಡಿಕೊಟ್ಟರು. ಹಗ್ಗ ಬಿಚ್ಚುವ ಹೊತ್ತಿಗೆ ಚಿತ್ರಾನ್ನದ ಬುಟ್ಟಿ ಹಿಡಿದು ಲಾಡ್ಜಿನ ಒಡತಿಯೂ ಏದುಸಿರು ಬಿಡುತ್ತ ಹತ್ತಿದಳು. ಆ ದ್ವೀಪ ನೋಡಿ ಆಕೆಗೂ ವರ್ಷಗಳಾಗಿದ್ದವಂತೆ.

ದೋಣಿ ದಡ ಬಿಟ್ಟಿತು. ಹೆಡ್ಮಾಸ್ತರರ ಹೆಂಡತಿ ತೆಲುಗಿನಲ್ಲಿ ಕೇಳಿದರು: "ನಿಮ್ಮ ಯಜಮಾನರು ಹೇಗಿದ್ದಾರೆ? ಶುಂಠಿ ಹಿಡಿಸಿತಾ?"

"ಯಜಮಾನರು ಇನ್ನೂ ಬಂದೇ ಇಲ್ಲವಲ್ಲ," ಎಂದಳು ಒಡತಿ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನೀರು ನೋಡಿದೆ. ತಳದ ಮೀನುಗಳು ಕಾಣುವಷ್ಟು ತಿಳಿಯಾಗಿತ್ತು. ಅಜ್ಜಿ ಮುಖ ತಿರುಗಿಸದೆಯೇ ಕನ್ನಡದಲ್ಲಿ ಗೊಣಗಿದಳು: "ಒಬ್ರಿಗೊಂದು ಹೇಳಿದ್ಯೇನೇ?"

"ಹೂಂ ಅಜ್ಜಿ."

"ಸುಳ್ಳು ಹೇಳಕ್ಕೂ ಬರಲ್ವಲ್ಲೇ ನಿಂಗೆ. ಬಾಯ್ ಮುಚ್ಕೊಂಡು ಕೂತ್ಕೋ."

ಹೆಡ್ಮಾಸ್ತರರಿಗೆ ಕನ್ನಡ ತಿಳಿಯದು, ಅದೇ ಧೈರ್ಯ. ಅಜ್ಜಿ ತೆಲುಗಿಗೆ ಹೊರಳಿ ಶುರುಮಾಡಿದಳು. ಎರಡೂ ನಿಜವೇ. ಹುಡುಗ ಹಡಗೇನೋ ಹತ್ತಿದ. ಆದರೆ ವಾಂತಿ ಎಂದರೆ ಎಂಥ ವಾಂತಿ, ಇಲ್ಲಿಗೆ ಬಂದಾಗ ಎದ್ದು ನಿಲ್ಲಲೂ ಆಗಲಿಲ್ಲ. ಹಡಗಿಳಿಯಲೇ ಇಲ್ಲ.

"ಮತ್ತೆ ಹಡಗು ವಾಪಸ್ ಹೋಯಿತಲ್ಲ?" ಹೆಡ್ಮಾಸ್ತರರು ಹುಬ್ಬು ಗಂಟಿಕ್ಕಿದರು.

"ಅವನೂ ಹೋದ. ಅದೇ ಹಡಗಲ್ಲಿ ಮತ್ತೆ ಬರ್ತಾನೆ. ಇಳಿಯೋಕಾದರೆ ಇಳೀತಾನೆ, ಇಲ್ಲದಿದ್ದರೆ ಇವಳೇ ಹತ್ಕೋತಾಳೆ."

"ಹಾಗಾದರೆ ನಾನು ಕೊಟ್ಟ ಶುಂಠಿ?" ಎಂದರು ಅವರ ಹೆಂಡತಿ.

ಅಜ್ಜಿ ಮೊಣಕೈಯಿಂದ ನನ್ನನ್ನು ತಿವಿದಳು. ನಾನೇ ಬಾಯಿ ಬಿಟ್ಟೆ: "ಅವರ ನೆನಪಿಗೆ ನಾನೇ ತಿಂದೆ."

ಆಯಮ್ಮನ ಕಣ್ಣು ತುಂಬಿ ಬಂತು. ಒಡತಿ ಸೆರಗು ಬಾಯಿಗೊತ್ತಿಕೊಂಡು ಕೆಮ್ಮಿದಳು.

ದ್ವೀಪದಲ್ಲಿ ಬಂಗಲೆಗಳಿಗೆ ಸೂರಿರಲಿಲ್ಲ. ಆಲದ ಜಾತಿಯ ಮರಗಳು ಗೋಡೆಗಳನ್ನು ತಬ್ಬಿ, ಬೇರುಗಳನ್ನು ಕಿಟಕಿಯೊಳಗೆ ಇಳಿಬಿಟ್ಟಿದ್ದವು. ಹೆಡ್ಮಾಸ್ತರರು ಇದು ಚರ್ಚು, ಇದು ದೊರೆಗಳು ಕುಣಿಯುತ್ತಿದ್ದ ಹಜಾರ ಎಂದು ಪಾಠ ಮಾಡಿದರು. ಅಜ್ಜಿ ತಲೆಯೆತ್ತಿ, "ಇಷ್ಟು ತೆಂಗಿನ ಮರ ಬಿಟ್ಟು ಆ ದೊರೆಗಳಿಗೆ ಹೋಗಕ್ಕೆ ಮನಸ್ಸಾದ್ರೂ ಹೆಂಗ್ ಬಂತು," ಎಂದಳು. ಆದರೆ ಹೆಡ್ಮಾಸ್ತರರ ಹೆಂಡತಿಗೆ ಬೇಕಾಗಿದ್ದುದು ನನ್ನ ಗಂಡ. ಅವರು ಕೇಳಿದ್ದಕ್ಕೆಲ್ಲ ಅಜ್ಜಿ ನನ್ನನ್ನು ಕನ್ನಡದಲ್ಲಿ ವಿಚಾರಿಸಿಕೊಂಡೇ ಉತ್ತರ ಕೊಟ್ಟಳು.

"ಎಷ್ಟೆತ್ತರ ಇರ್ಲೇ?"

"ನಿಮ್ಮಿಷ್ಟ ಅಜ್ಜಿ."

"ಮೀಸೆ?"

"ಬೇಡ."

"ಮೀಸೆ ಇಲ್ಲಮ್ಮ, ಇವಳೇ ತೆಗೆಸಿದಳು," ಎಂದು ಅತ್ತ ತೆಲುಗು ಹೋಯಿತು. ಒಡತಿಗೆ ಮತ್ತೆ ಕೆಮ್ಮು. ಈ ಸಲ ಬುಟ್ಟಿ ಕೆಳಗಿಟ್ಟು ಗೋಡೆಯ ಹಿಂದೆ ಹೋಗಿ ಕೆಮ್ಮಿದಳು. ಆ ಸಂದಿಯಲ್ಲಿ ಎರಡು ಜಿಂಕೆಗಳು ಬಂದು ಚಿತ್ರಾನ್ನಕ್ಕೆ ಬಾಯಿ ಹಾಕಿದವು. ಅಜ್ಜಿ ಒಂದರ ಕಿವಿ ಹಿಡಿದು ಅರ್ಧ ಬುಟ್ಟಿ ಉಳಿಸಿದಳು. ಅದನ್ನು ಹಂಚಿಕೊಂಡು ತಿನ್ನುವಾಗ ನನ್ನ ಗಂಡ ಮಾಲೂರಿನವನಾದ, ಮಿತಭಾಷಿಯಾದ, ಅಡಿಗೆಯನ್ನೂ ಕಲಿತ. ಮನೆಯವರು ಹುಡುಕಿ ತಂದಿದ್ದ ಒಂದು ಗಂಡೂ ಇಷ್ಟು ಹಿಡಿಸಿರಲಿಲ್ಲ.

ಸಂಜೆ ದೋಣಿ ವಾಪಸ್ಸಾದಾಗ ಬಂದರಿನಲ್ಲಿ ಹಡಗು ಬಂದು ನಿಂತಿತ್ತು.

"ನಡೆಯಿರಿ," ಎಂದು ಹೆಡ್ಮಾಸ್ತರರು ಪಂಚೆ ಎತ್ತಿ ಕಟ್ಟಿದರು. "ಕೈಹಿಡಿದು ನಾವೇ ಇಳಿಸೋಣ."

ನಾನು ಅಜ್ಜಿಯನ್ನು ನೋಡಿದೆ. "ಇದು ನಂಗೂ ತೋಚ್ತಿಲ್ಲ ಕಣೇ," ಎಂದಳು ಮೆಲ್ಲಗೆ.

"ನಾನು ನೋಡ್ಕೋತೀನಿ, ಸುಮ್ನಿರಿ," ಎಂದು ಹಿಂದಿನಿಂದ ಅಚ್ಚ ಕನ್ನಡ ಕೇಳಿಸಿತು. ಲಾಡ್ಜಿನ ಒಡತಿ. ನಾವಿಬ್ಬರೂ ತಿರುಗುವ ಮೊದಲೇ ಆಕೆ ತೆಲುಗಿನಲ್ಲಿ ಹೆಡ್ಮಾಸ್ತರರಿಗೆ ಹೇಳುತ್ತಿದ್ದಳು: ಹಡಗಿನ ಡಾಕ್ಟರು ತನಗೆ ಗೊತ್ತಿರುವವರು, ನಿದ್ದೆಯ ಮದ್ದು ಕೊಟ್ಟು ಮಲಗಿಸಿರುತ್ತಾರೆ, ಈಗ ಎಬ್ಬಿಸಿದರೆ ಮತ್ತೆ ವಾಂತಿ ಶುರುವಾಗುತ್ತದೆ. ಹೆಡ್ಮಾಸ್ತರರು ವೈದ್ಯರ ಮಾತಿಗೆ ತಲೆಬಾಗಿದರು. ಅವರ ಹೆಂಡತಿ ಕೊನೆಯ ಪೊಟ್ಟಣವನ್ನು ನನ್ನ ಕೈಗಿಟ್ಟು ಹೋದರು.

ಅವರು ಮರೆಯಾದ ಮೇಲೆ ಅಜ್ಜಿ ಕೇಳಿದಳು: "ನಿಂಗೆ ಕನ್ನಡ ಬತ್ತದಾ?"

"ನಾನು ಹುಟ್ಟಿದ್ದೇ ಕೋಲಾರದ ಚಿನ್ನದ ಗಣಿ ಲೈನಲ್ಲಿ. ಮದ್ವೆಯಾಗಿ ಇಲ್ಲಿಗೆ ಬಂದೆ."

"ಮೊದಲೇ ಹೇಳಬಾರದಿತ್ತಾ?" ಎಂದೆ.

"ಹೇಳಿದ್ರೆ ನನ್ ಮುಂದೆ ಮೀಸೆ ಬೇಡ ಅಂತಿದ್ಯಾ?" ಎಂದು ಆಕೆ ಬಂದರಿನ ಕಟ್ಟೆಯ ಮೇಲೆ ಕೂತು, ಬೆಳಗಿನಿಂದ ತಡೆಹಿಡಿದ ನಗುವನ್ನೆಲ್ಲ ನಕ್ಕಳು. ಅವಳಿಗೆ ಮೊದಲೇ ಅನುಮಾನವಿತ್ತಂತೆ. ಗಂಡ ಬರುತ್ತಾನೆ ಎನ್ನುವವರು ದಿನವೂ ಹಡಗಿನ ಸುದ್ದಿ ಕೇಳುತ್ತಾರೆ, ನಾನು ಒಮ್ಮೆಯೂ ಕೇಳಿರಲಿಲ್ಲ.

ಆ ಸಂಜೆ ಅಜ್ಜಿ ಮಗಳ ಮನೆಯಿಂದ ರಾಗಿ ಹಿಟ್ಟು ತರಿಸಿ, ಲಾಡ್ಜಿನ ಒಲೆಯ ಮೇಲೆ ಮುದ್ದೆ ತಿರುವಿದಳು. ಒಡತಿ ಮುದ್ದೆ ತಿಂದು ಯಾವ ಕಾಲವಾಗಿತ್ತೋ, ಮೊದಲ ತುತ್ತು ನುಂಗಿದವಳೇ ಇನ್ನೊಂದು ಮುದ್ದೆಗೆ ಕೈ ಚಾಚಿದಳು. ಆಮೇಲೆ ಅವಳ ಗಂಡ ಬಂದು ಇದೇನು ಕಪ್ಪಗಿದೆ ಎಂದಾಗ ಅವನ ತಟ್ಟೆಯನ್ನೂ ತನ್ನ ಕಡೆಗೆ ಎಳೆದುಕೊಂಡಳು.

ಮರುದಿನ ಹಡಗು ಹತ್ತಿ ಅಂಚಿನ ಕಂಬಿಯ ಬಳಿ ನಿಂತೆ. ಕೆಳಗೆ ನಾಲ್ವರೂ ಬಂದಿದ್ದರು. ಹೆಡ್ಮಾಸ್ತರರ ಹೆಂಡತಿ ಕೈಸನ್ನೆಯಲ್ಲೇ ಅವರು ಹೇಗಿದ್ದಾರೆ ಎಂದು ಕೇಳಿದರು. ನಾನು ಅಂಗೈ ಜೋಡಿಸಿ ಕೆನ್ನೆಗಿಟ್ಟು, ಮಲಗಿದ್ದಾರೆ ಎಂದು ತೋರಿಸಿದೆ. ಆಯಮ್ಮ ಸಮಾಧಾನದಿಂದ ತಲೆಯಾಡಿಸಿದರು. ಪಕ್ಕದಲ್ಲಿ ಅಜ್ಜಿಯೂ ಒಡತಿಯೂ ಸೆರಗಿನಿಂದ ಮುಖ ಮುಚ್ಚಿಕೊಂಡು ಒಬ್ಬರಿಗೊಬ್ಬರು ಒರಗಿ ಅಲುಗಾಡುತ್ತಿದ್ದರು. ಅಳುತ್ತಿದ್ದಾರೆಂದು ತಿಳಿದ ಹೆಡ್ಮಾಸ್ತರರು ಇಬ್ಬರಿಗೂ ಧೈರ್ಯ ಹೇಳುತ್ತಿದ್ದರು.